ಓಲ್ಡ್ ರಾಸ್ಪುಟಿನ್ ಇಂಪೀರಿಯಲ್ ಸ್ಟೌಟ್: ಕುಡಿದವರು ರುಚಿ ಹೇಳಿ

ಕಡುಕಪ್ಪು (ಓಕ್‌ಲ್ಯಾಂಡ್, ಕ್ಯಾಲಿಫೋರ್ನಿಯಾ)

ನಾರ್ತ್ ಕೋಸ್ಟ್ ಬ್ರೂವರಿಯ ಓಲ್ಡ್ ರಾಸ್ಪುಟಿನ್ ಬಗ್ಗೆ ನಮ್ಮವರ ಅನಿಸಿಕೆ ಓದಬೇಕು ಅಂತ ಬಹಳ ದಿನದಿಂದ ಆಸೆ. ಯಾರೂ ಬರೆದಿಲ್ಲ, ಹಾಗಾಗಿ ನಾನೇ ಶುರು ಮಾಡುತ್ತಿದ್ದೇನೆ.

ಮೊದಲು ವಿವರ. ಇಂಪೀರಿಯಲ್ ಸ್ಟೌಟ್ ಅಂದರೆ ಹುರಿದ ಕಾಳು ಹಾಕಿ ಮಾಡುವ ಕಪ್ಪು, ಗಟ್ಟಿ ಬಿಯರ್. 355 ಎಂಎಲ್ ಬಾಟಲಿ, ಆಲ್ಕೋಹಾಲ್ 9%, ಕಹಿ 75 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ). ಮಾಡುವುದು ಫೋರ್ಟ್ ಬ್ರ್ಯಾಗ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ, ಸಮುದ್ರದ ದಂಡೆಯ ಸಣ್ಣ ಊರು. ಬ್ರೂವರಿ ಶುರುವಾದದ್ದು 1988ರಲ್ಲಿ. ಲೇಬಲ್ ಮೇಲೆ ಉದ್ದ ಗಡ್ಡದ ರಷ್ಯನ್ ಸಾಧು ರಾಸ್ಪುಟಿನ್ ಚಿತ್ರ, ಸುತ್ತ ರಷ್ಯನ್ ಅಕ್ಷರ.

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ. ಇದೊಂದು ಮಾತು ನೆನಪಿಟ್ಟರೆ ಅರ್ಧ ಕೆಲಸ ಆಯಿತು. ತಣ್ಣಗಿದ್ದಾಗ ಬರುವುದು ಬರೀ ಸುಟ್ಟ ಕಹಿ. ಅರ್ಧ ಗಂಟೆ ಹೊರಗಿಟ್ಟು, ಬಾಯಿ ಕಿರಿದಾದ ಗ್ಲಾಸಿಗೆ ಸುರಿಯಿರಿ. ನೊರೆ ದಪ್ಪ, ಕಂದು ಬಣ್ಣ, ಬೇಗ ಇಳಿಯುವುದಿಲ್ಲ. ಗ್ಲಾಸನ್ನು ದೀಪಕ್ಕೆ ಹಿಡಿದರೂ ಆಚೆ ಕಡೆ ಏನೂ ಕಾಣುವುದಿಲ್ಲ. ಅಂಚಿನಲ್ಲಿ ಮಾತ್ರ ಒಂಚೂರು ಕೆಂಪು. ಸ್ವಲ್ಪ ತಿರುಗಿಸಿ ಮೂಗಿನ ಹತ್ತಿರ ತನ್ನಿ. ಮೊದಲು ಬರುವುದು ಕಾಫಿ ಹುರಿಯುವಾಗಿನ ವಾಸನೆ. ಅದರ ಹಿಂದೆಯೇ ಡಾರ್ಕ್ ಚಾಕೊಲೇಟ್. ಗ್ಲಾಸು ಇನ್ನಷ್ಟು ಬೆಚ್ಚಗಾದ ಮೇಲೆ ಖರ್ಜೂರ, ಒಣದ್ರಾಕ್ಷಿ.

ನಾಲಿಗೆ ಮೇಲೆ ಮೊದಲು ಸಿಗುವುದು ಸಿಹಿ. ಸಕ್ಕರೆಯ ಸಿಹಿ ಅಲ್ಲ, ಮಲೆನಾಡಿನ ಜೋನಿ ಬೆಲ್ಲದಲ್ಲಿ ಇರುತ್ತದಲ್ಲ, ಸ್ವಲ್ಪ ಸುಟ್ಟ ರುಚಿ ಬೆರೆತ ಆ ಸಿಹಿ. ಅದು ಹರಡಿಕೊಳ್ಳುವ ಹೊತ್ತಿಗೆ ಕಹಿ ಬಂದು ಅದನ್ನು ತಡೆಯುತ್ತದೆ. ಆ ಕಹಿಯಲ್ಲಿ ಎರಡು ಬಗೆ. ಒಂದು ಹುರಿದ ಕಾಳಿನದು, ನಾಲಿಗೆಯ ನಡುವೆ ಕೂರುತ್ತದೆ. ಇನ್ನೊಂದು ಹಾಪ್ಸ್ ಅನ್ನುವ ಕಹಿ ಹೂವಿನದು, ಗಂಟಲ ಹತ್ತಿರ, ತುಂಬಾ ಹೊತ್ತು ಉಳಿಯುತ್ತದೆ. ನುಂಗಿದ ಮೇಲೆ ಎದೆಯಲ್ಲಿ ಬಿಸಿ. ಸ್ಪಿರಿಟ್ ಕುಡಿದಂತೆ ಉರಿ ಇಲ್ಲ.

ನನ್ನ ಮಟ್ಟಿಗೆ ಈ ಬಿಯರ್ ನಿಂತಿರುವುದೇ ಆ ಕಹಿಯ ಮೇಲೆ. ಅದು ಇಲ್ಲದಿದ್ದರೆ ಎರಡನೇ ಗುಟುಕಿಗೇ ಮುಖ ಕಟ್ಟುತ್ತಿತ್ತು. ಇತ್ತೀಚೆಗೆ ಬರುತ್ತಿರುವ ಇಂಪೀರಿಯಲ್ ಸ್ಟೌಟ್‌ಗಳಲ್ಲಿ ಕಹಿಯನ್ನು ತೆಗೆದು ಸಿಹಿ ತುಂಬುತ್ತಿದ್ದಾರೆ. ಅದು ನನಗೆ ನಿಜವಾಗಿ ಬೇಸರ. ನಿಮಗೆಲ್ಲ ಹೇಗನಿಸಿದೆ?

ವಿಜಯನಗರದ ಹುಡುಗ (ಬೆಂಗಳೂರು)

ಸರ್, ಚೆನ್ನಾಗಿ ಬರೆದಿದ್ದೀರಿ. ನಾನಿನ್ನೂ ಕುಡಿದಿಲ್ಲ. ನಮ್ಮ ಅಕ್ಕ ಸ್ಯಾನ್ ಹೋಸೆಯಲ್ಲಿದ್ದಾಳೆ, ಮುಂದಿನ ಸಲ ಬರುವಾಗ ತರಿಸಬೇಕು ಅಂತಿದ್ದೇನೆ. ಒಂದು ಪ್ರಶ್ನೆ. ಇಲ್ಲಿ ಅಂಗಡಿಯಲ್ಲಿ ಸಿಗುವ ಸ್ಟ್ರಾಂಗ್ ಬಿಯರ್ ಕೂಡ 7-8% ಇರುತ್ತದೆ. 9% ಅಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ? ಹಾಗಿದ್ದರೆ ರುಚಿ ಯಾಕೆ ಅಷ್ಟು ಬೇರೆ?

ಬಾರ್ಲಿಗೆಳೆಯ (ಆಸ್ಟಿನ್, ಟೆಕ್ಸಸ್)

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಮನೆಯಲ್ಲೇ ಬಿಯರ್ ಮಾಡುವವನು ನಾನು.

ಆಲ್ಕೋಹಾಲ್ ಎಲ್ಲಿಂದ ಬರುತ್ತದೆ ಅನ್ನುವುದು ಮುಖ್ಯ ಗುರು. ನೀವು ಹೇಳಿದ ಊರಿನ ಸ್ಟ್ರಾಂಗ್ ಬಿಯರ್‌ಗಳಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸುವುದು ಸಾಮಾನ್ಯ. ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದುಬಿಡುತ್ತದೆ. ಆಲ್ಕೋಹಾಲ್ ಉಳಿಯುತ್ತದೆ, ಮೈ ಉಳಿಯುವುದಿಲ್ಲ. ಕುಡಿದರೆ ತೆಳ್ಳಗೆ, ಮೇಲೆ ಸ್ಪಿರಿಟ್ ಘಾಟು.

ಇಂಪೀರಿಯಲ್ ಸ್ಟೌಟ್‌ಗೆ ಹೆಚ್ಚುಕಮ್ಮಿ ಎಲ್ಲವೂ ಮಾಲ್ಟ್‌ನಿಂದಲೇ ಬರಬೇಕು. ಸಾಮಾನ್ಯ ಬಿಯರ್‌ಗೆ ಹಾಕುವ ಕಾಳಿನ ಸುಮಾರು ಎರಡು ಪಟ್ಟು ಹಾಕಬೇಕಾಗುತ್ತದೆ. ಪಾತ್ರೆಯ ಬಾಯಿ ತನಕ ಕಾಳು ತುಂಬಿ, ಹುಟ್ಟು ಆಡಿಸುವುದೇ ಕಷ್ಟ. ನಾನು ಮಾಡುವ ಸ್ಟೌಟ್ 1.090 ಸಾಂದ್ರತೆಯಲ್ಲಿ (ನೀರಿನದು 1.000) ಶುರುವಾಗಿ 1.022ಕ್ಕೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಸುಮಾರು 8.9% ಆಲ್ಕೋಹಾಲ್. ಕೊನೆಯ ಆ 1.022 ನೋಡಿ. ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆ, ಡೆಕ್ಸ್‌ಟ್ರಿನ್ ಎಲ್ಲ ಅದರಲ್ಲಿದೆ. ನಾಲಿಗೆ ಮೇಲೆ ಸಿಗುವ ದಪ್ಪ, ಸಿಹಿ ಎರಡೂ ಅಲ್ಲಿಂದಲೇ.

ಅಷ್ಟು ಸಿಹಿ ಉಳಿದ ಮೇಲೆ ಕಹಿಯೂ ಅಷ್ಟೇ ಬೇಕು. ತೊಂದರೆ ಏನೆಂದರೆ, ಕುದಿಯುವ ರಸ ಗಟ್ಟಿಯಾದಷ್ಟೂ ಹಾಪ್ಸ್‌ನ ಕಹಿ ಕಡಿಮೆ ಇಳಿಯುತ್ತದೆ. ಹಾಗಾಗಿ ಹಾಪ್ಸ್ ಧಾರಾಳವಾಗಿ ಹಾಕಬೇಕು. ಕಡುಕಪ್ಪು ಅವರು ಹೇಳಿದ 75 ಐಬಿಯು ಸುಮ್ನೆ ಬರುವುದಲ್ಲ.

ಬಣ್ಣಕ್ಕೆ ಮಾತ್ರ ಜಾಸ್ತಿ ಬೇಡ. ಬ್ಲ್ಯಾಕ್ ಮಾಲ್ಟ್, ಹುರಿದ ಬಾರ್ಲಿ ಒಟ್ಟು ಕಾಳಿನಲ್ಲಿ ಸಣ್ಣ ಪಾಲು. ಕೈ ಜಾರಿ ಜಾಸ್ತಿ ಬಿದ್ದರೆ ಬೂದಿ ನೆಕ್ಕಿದಂತೆ ಒಗರು ಬರುತ್ತದೆ. ಓಲ್ಡ್ ರಾಸ್ಪುಟಿನ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ಅಷ್ಟು ಕಪ್ಪಾದರೂ ಒಗರಿಲ್ಲ.

ಕಡುಕಪ್ಪು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ, ವಿಜಯನಗರದವರೇ. ಬಾಟಲಿ ಸಣ್ಣದು ಅಂತ ಹಗುರ ಮಾಡಬೇಡಿ. 355 ಎಂಎಲ್‌ನ 9% ಅಂದರೆ ಸುಮಾರು 32 ಎಂಎಲ್ ಶುದ್ಧ ಆಲ್ಕೋಹಾಲ್. ಊರಿನ 650 ಎಂಎಲ್ ದೊಡ್ಡ ಬಾಟಲಿ 5% ಬಿಯರ್‌ನಲ್ಲೂ ಅಷ್ಟೇ ಇರುವುದು. 42.8% ವಿಸ್ಕಿಯ ಒಂದು ಲಾರ್ಜ್ (60 ಎಂಎಲ್) ತೆಗೆದುಕೊಂಡರೆ ಸುಮಾರು 26 ಎಂಎಲ್. ಅಂದರೆ ಈ ಸಣ್ಣ ಬಾಟಲಿ ಒಂದು ಲಾರ್ಜ್‌ಗಿಂತ ಜಾಸ್ತಿ. ಇಬ್ಬರು ಹಂಚಿಕೊಂಡು ಒಂದು ಗಂಟೆ ಕುಡಿಯಬಹುದಾದ ಬಿಯರ್ ಇದು. ಕುಡಿದು ಗಾಡಿ ಮುಟ್ಟುವ ಮಾತೇ ಬೇಡ.

ಥೇಮ್ಸ್ ದಂಡೆ (ಲಂಡನ್)

ಈ ಬಗೆಯ ಬಿಯರ್ ಹುಟ್ಟಿದ ಊರಿನಿಂದಲೇ ಬರೆಯುತ್ತಿದ್ದೇನೆ. ಹೆಸರು, ಲೇಬಲ್ ನೋಡಿ ಇದು ರಷ್ಯಾದ ಬಿಯರ್ ಅಂದುಕೊಳ್ಳುವವರು ಜಾಸ್ತಿ. ಹುಟ್ಟಿದ್ದು ಮಾತ್ರ ಲಂಡನ್‌ನ ಸದರ್ಕ್‌ನಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ. ಹೆನ್ರಿ ಥ್ರೇಲ್ ಅನ್ನುವವರ ಆ್ಯಂಕರ್ ಬ್ರೂವರಿ ಅಲ್ಲಿತ್ತು. ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಆ ಮನೆಯವರಿಗೆ ಬಹಳ ಬೇಕಾದವರು. ಥ್ರೇಲ್ ತೀರಿಕೊಂಡ ಮೇಲೆ 1781ರಲ್ಲಿ ಬ್ರೂವರಿಯನ್ನು ಮಾರುವ ಹೊಣೆ ಹೊತ್ತವರಲ್ಲಿ ಜಾನ್ಸನ್ ಕೂಡ ಒಬ್ಬರು. 1,35,000 ಪೌಂಡ್‌ಗೆ ಮಾರಾಟವಾಯಿತು. ಮುಂದೆ ಅದೇ ಬಾರ್ಕ್ಲೇ ಪರ್ಕಿನ್ಸ್ ಆಯಿತು.

ಅಲ್ಲಿಂದ ಗಟ್ಟಿ ಪೋರ್ಟರ್, ಅಂದರೆ ಸ್ಟೌಟ್‌ಗೆ ಮೂಲವಾದ ಕಪ್ಪು ಬಿಯರ್, ರಷ್ಯಾದ ಅರಮನೆಗೆ ಹೋಗುತ್ತಿತ್ತು. 1796ರಲ್ಲಿ ಚಿತ್ರಕಾರ ಜೋಸೆಫ್ ಫಾರಿಂಗ್ಟನ್ ತಮ್ಮ ದಿನಚರಿಯಲ್ಲಿ ಇದರ ಬಗ್ಗೆ ಬರೆದುಕೊಂಡಿದ್ದಾರೆ. ರಷ್ಯಾದ ಮಹಾರಾಣಿಗೆಂದೇ ಮಾಡಿದ ಪೋರ್ಟರ್ ಕುಡಿದರಂತೆ, ಏಳು ವರ್ಷ ಇಟ್ಟರೂ ಕೆಡುವುದಿಲ್ಲ ಅಂತ ಕೊಟ್ಟವರು ಹೇಳಿದರಂತೆ. ಆ ಮಹಾರಾಣಿ ಎರಡನೇ ಕ್ಯಾಥರೀನ್. ಅದೇ ವರ್ಷ ತೀರಿಕೊಂಡಳು.

ಬ್ರೂವರಿ ಈಗ ಇಲ್ಲ. ಪಾರ್ಕ್ ಸ್ಟ್ರೀಟ್‌ನಲ್ಲಿ ನಡೆದರೆ ಆ್ಯಂಕರ್ ಟೆರೇಸ್ ಅನ್ನುವ ಹಳೇ ಕಟ್ಟಡ ಸಿಗುತ್ತದೆ. ಬ್ರೂವರಿ ನೌಕರರಿಗೆ ಅಂತ ಕಟ್ಟಿಸಿದ್ದು. ಶೇಕ್ಸ್‌ಪಿಯರ್‌ನ ಮೊದಲ ಗ್ಲೋಬ್ ನಾಟಕ ಮಂದಿರದ ಒಂದಿಷ್ಟು ಭಾಗ ಅದರ ಅಡಿಯಲ್ಲೇ ಇದೆ. ಲಂಡನ್‌ಗೆ ಬಂದವರು ಸುಮ್ನೆ ಒಂದು ಸುತ್ತು ಹಾಕಿ ಬನ್ನಿ.

ಹಾಸನದ ಮಳೆ (ಟೊರೊಂಟೊ)

ರಷ್ಯಾದ ಚಳಿಗೆ ಹಡಗಿನಲ್ಲಿ ಬಿಯರ್ ಹೆಪ್ಪುಗಟ್ಟಬಾರದು ಅಂತ ಆಲ್ಕೋಹಾಲ್ ಜಾಸ್ತಿ ಮಾಡಿದರು ಅಂತ ಕೇಳಿದ್ದೆ. ಪೀಟರ್ ಚಕ್ರವರ್ತಿ ಲಂಡನ್‌ಗೆ ಬಂದಾಗ ಪೋರ್ಟರ್ ಕುಡಿದು ಮೆಚ್ಚಿದ, ಅಲ್ಲಿಂದ ಎಲ್ಲ ಶುರು ಅಂತಲೂ ಓದಿದ ನೆನಪು. ಥೇಮ್ಸ್ ದಂಡೆ ಅವರೇ, ಇದು ನಿಜವಾ?

ಥೇಮ್ಸ್ ದಂಡೆ

ಎರಡೂ ಆಮೇಲೆ ಕಟ್ಟಿದ ಕಥೆ ಸರ್. ಪೀಟರ್ ಲಂಡನ್‌ಗೆ ಬಂದದ್ದು 1698ರಲ್ಲಿ. ಪೋರ್ಟರ್ ಅನ್ನುವ ಬಿಯರ್‌ನ ಹೆಸರು ಕೇಳಿಬರುವುದೇ 1720ರ ದಶಕದಲ್ಲಿ. ಹೆಪ್ಪುಗಟ್ಟುವ ವಿಷಯಕ್ಕೆ ಬಂದರೆ, ಬಾಲ್ಟಿಕ್ ಸಮುದ್ರದ ಉತ್ತರದ ಬಂದರುಗಳು ಚಳಿಗಾಲದಲ್ಲಿ ಮಂಜುಗಡ್ಡೆಯಿಂದ ಮುಚ್ಚಿಹೋಗುತ್ತಿದ್ದವು. ಹಡಗು ಹೋಗುತ್ತಿದ್ದದ್ದು ನೀರು ತೆರೆದಿರುವ ತಿಂಗಳುಗಳಲ್ಲಿ. ಗಟ್ಟಿ ಬಿಯರ್ ಮಾಡಿದ್ದು ಕೊಳ್ಳುವವರಿಗೆ ಅದು ಇಷ್ಟವಿತ್ತು ಅಂತ. ದುಡ್ಡಿದ್ದವರು ಕೇಳಿದರು, ಇವರು ಮಾಡಿಕೊಟ್ಟರು.

ಹಡಗಿನ ಕಥೆ ಬೇಕಿದ್ದರೆ ನಿಜವಾದದ್ದೇ ಒಂದಿದೆ. ಎ. ಲೆ ಕಾಕ್ ಅನ್ನುವ ವ್ಯಾಪಾರದ ಮನೆ ಈ ಸ್ಟೌಟನ್ನು ಬಾಲ್ಟಿಕ್ ಕಡೆಗೆ ಕಳಿಸುತ್ತಿತ್ತು. ಅವರ ಸರಕು ಹೊತ್ತ ಓಲಿವಾ ಅನ್ನುವ ಹಡಗು 1869ರಲ್ಲಿ ಮುಳುಗಿತು. ನೂರು ವರ್ಷ ದಾಟಿದ ಮೇಲೆ, 1974ರಲ್ಲಿ, ಮುಳುಗುಗಾರರು ಅದರಿಂದ ಬಾಟಲಿಗಳನ್ನು ಮೇಲೆ ತಂದರು. ಲೆ ಕಾಕ್‌ನವರು ಆಮೇಲೆ ಈಗಿನ ಎಸ್ಟೋನಿಯಾದ ಟಾರ್ಟುವಿನಲ್ಲಿ ಬ್ರೂವರಿ ಕೊಂಡು ಅಲ್ಲೇ ಮಾಡಲು ಶುರು ಮಾಡಿದರು. ಆಗ ಅದು ರಷ್ಯಾ ಸಾಮ್ರಾಜ್ಯದೊಳಗೇ ಇತ್ತು.

ಈ ಎಳೆ ಇವತ್ತಿಗೂ ಇದೆ. ಇಂಗ್ಲೆಂಡಿನ ಲೂಯಿಸ್ ಊರಿನ ಹಾರ್ವೀಸ್ ಬ್ರೂವರಿ 1999ರಲ್ಲಿ ಎ. ಲೆ ಕಾಕ್ ಹೆಸರಲ್ಲೇ ಇಂಪೀರಿಯಲ್ ಎಕ್ಸ್‌ಟ್ರಾ ಡಬಲ್ ಸ್ಟೌಟ್ ಮಾಡಲು ಶುರು ಮಾಡಿತು. ಅದೂ 9%. ರುಚಿ ಮಾತ್ರ ಓಲ್ಡ್ ರಾಸ್ಪುಟಿನ್‌ಗಿಂತ ಪೂರ್ತಿ ಬೇರೆ. ಹಾಪ್ಸ್ ಅಷ್ಟು ಮುಂದೆ ಬರುವುದಿಲ್ಲ. ಚರ್ಮದ ವಾಸನೆ, ಹಳೇ ವೈನ್‌ನ ತೆಳು ಹುಳಿ, ಸ್ವಲ್ಪ ಉಪ್ಪು. ಮೊದಲ ಗುಟುಕಿಗೆ ಕೆಟ್ಟುಹೋಗಿದೆಯಾ ಅಂತ ಅನುಮಾನ ಬರಬಹುದು. ಕೆಟ್ಟಿಲ್ಲ, ಅದರ ಸ್ವಭಾವವೇ ಅದು. ಹಳೇ ಕಾಲದ ಸ್ಟೌಟ್‌ಗೆ ಇದೇ ಹತ್ತಿರ ಅಂತ ನನ್ನ ನಂಬಿಕೆ. ಮರದ ದೊಡ್ಡ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟ ಬಿಯರ್‌ಗೆ ಸ್ವಲ್ಪ ಹುಳಿ ಬರದೆ ಇರುತ್ತದಾ?

ಧಾರವಾಡದಾಕಿ (ಶಿಕಾಗೊ)

ಎಲ್ಲರಿಗೂ ನಮಸ್ಕಾರ್ರೀ. ಕಡುಕಪ್ಪು ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ಸಿಹಿ ತುಂಬಿದ ಸ್ಟೌಟ್ ನನಗೂ ಬೇಡ. ಲ್ಯಾಕ್ಟೋಸ್, ವೆನಿಲ್ಲಾ, ತೆಂಗಿನಕಾಯಿ, ಮೇಪಲ್ ಸಿರಪ್ ಎಲ್ಲ ಸುರಿದು ಮಾಡಿದ್ದನ್ನು ಕುಡಿದರೆ ಬಿಯರ್ ಎಲ್ಲಿದೆ ಅಂತ ಹುಡುಕಬೇಕು. ಲ್ಯಾಕ್ಟೋಸನ್ನು ಬಿಯರ್ ಯೀಸ್ಟ್ ತಿನ್ನುವುದಿಲ್ಲ, ಹಾಕಿದ್ದಷ್ಟೂ ಹಾಗೇ ಉಳಿಯುತ್ತದೆ. ಆದರೆ ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯಲ್ಲಿ ಇಟ್ಟ ಸ್ಟೌಟನ್ನು ಅದೇ ಸಾಲಿಗೆ ಸೇರಿಸಬಾರದು. ಅದು ನಮ್ಮ ಊರಿನದು ಅಂತ ಹೇಳುತ್ತಿಲ್ಲ! ಗೂಸ್ ಐಲ್ಯಾಂಡ್ ಬ್ರೂವರಿಯ ಬರ್ಬನ್ ಕೌಂಟಿ ಸ್ಟೌಟ್ ಶುರುವಾದದ್ದು ಇಲ್ಲೇ, 1990ರ ದಶಕದಲ್ಲಿ. ಗ್ರೆಗ್ ಹಾಲ್ ಅನ್ನುವ ಬ್ರೂಮಾಸ್ಟರ್ ಜಿಮ್ ಬೀಮ್ ಬರ್ಬನ್‌ನ ಪೀಪಾಯಿಗಳನ್ನು ತಂದು ಅದರಲ್ಲಿ ಸ್ಟೌಟ್ ಇಟ್ಟರು. ಈಗ ಅಮೆರಿಕದ ತುಂಬ ಅದೇ ರೂಢಿ.

ಬರ್ಬನ್ ಪೀಪಾಯಿಯ ಒಳಗೆ ಮರವನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ. ಓಕ್ ಮರ ಸುಟ್ಟಾಗ ವೆನಿಲಿನ್ ಬಿಡುತ್ತದೆ. ಹಾಗಾಗಿ ಯಾರೂ ವೆನಿಲ್ಲಾ ಹಾಕದೆಯೇ ಆ ವಾಸನೆ ಬರುತ್ತದೆ. ಬರ್ಬನ್ ಕೌಂಟಿಯನ್ನು ನಾನು ಸಣ್ಣ ಗ್ಲಾಸಿನಲ್ಲೇ ಕುಡಿಯುವುದು, ಅದು 14% ಆಸುಪಾಸು. ಗ್ಲಾಸು ತಿರುಗಿಸಿದರೆ ಎಣ್ಣೆಯಂತೆ ಒಳಗೋಡೆಗೆ ಹತ್ತಿ ನಿಧಾನ ಇಳಿಯುತ್ತದೆ. ಮೊದಲು ಬರ್ಬನ್, ಆಮೇಲೆ ಕ್ಯಾರಮೆಲ್, ಕೊನೆಗೆ ಸುಟ್ಟ ಮರ. ನಾಲ್ಕು ಜನ ಕೂತು ಒಂದು ಬಾಟಲಿ ಮುಗಿಸುವಂಥದ್ದು.

ಊರಿಂದ ಯಾರಾದರೂ ಬಂದಾಗ ಧಾರವಾಡ ಪೇಡೆ ತಂದಿದ್ದರೆ ಓಲ್ಡ್ ರಾಸ್ಪುಟಿನ್ ಜೊತೆ ತಿಂದು ನೋಡ್ರಿ. ಪೇಡೆಯಲ್ಲಿ ಹಾಲು ಹುರಿದು ಹುರಿದು ಕಂದು ಆಗಿರುತ್ತದೆ, ಆ ರುಚಿ ಹುರಿದ ಮಾಲ್ಟ್‌ಗೆ ಸರಿಯಾಗಿ ಕೂಡುತ್ತದೆ. ಸಿಹಿಯನ್ನು ಬಿಯರ್‌ನ ಕಹಿ ನೋಡಿಕೊಳ್ಳುತ್ತದೆ.

ಕಡುಕಪ್ಪು

ಮೇಡಂ, ಪೇಡೆ ವಿಷಯ ಕೇಳಿಯೇ ಬಾಯಲ್ಲಿ ನೀರು ಬಂತು. ಪೀಪಾಯಿ ಬಗ್ಗೆ ನನ್ನ ತಕರಾರು ಇಷ್ಟೇ. ಬರ್ಬನ್ ಮುಂದೆ ಬಂದು ನಿಂತರೆ ಹಿಂದಿನ ಬಿಯರ್ ಒಳ್ಳೆಯದಾ ಕೆಟ್ಟದ್ದಾ ಗೊತ್ತೇ ಆಗುವುದಿಲ್ಲ. ನಾರ್ತ್ ಕೋಸ್ಟ್‌ನವರೂ ಓಲ್ಡ್ ರಾಸ್ಪುಟಿನ್ನನ್ನು ಬರ್ಬನ್ ಪೀಪಾಯಿಯಲ್ಲಿಟ್ಟು ಬೇರೆಯಾಗಿ ಬಿಡುತ್ತಾರೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಕೈ ಹೋಗುವುದು ಮಾಮೂಲಿ ಬಾಟಲಿಗೇ. ಪೀಪಾಯಿಯದರಲ್ಲಿ ಹಾಪ್ಸ್‌ನ ಆ ಕೊನೆಯ ಕಹಿ ಮೆತ್ತಗಾಗಿರುತ್ತದೆ.

ಕುಡ್ಲದವ (ದುಬೈ)

ನೀವೆಲ್ಲ ಅಮೆರಿಕ, ಲಂಡನ್ ಅಂತಿದ್ದೀರಿ ಮಾರಾಯ್ರೆ. ನಮ್ಮ ಪಕ್ಕದ ಶ್ರೀಲಂಕಾವನ್ನು ಮರೆಯಬೇಡಿ. ಲಯನ್ ಸ್ಟೌಟ್ 8.8%. ಕೊಲಂಬೊದಲ್ಲಿ ಸೆಖೆಯಲ್ಲಿ ಕೂತು ಕುಡಿದಿದ್ದೇನೆ, ಅದರ ಮಜವೇ ಬೇರೆ. ಬ್ರಿಟಿಷರು ನುವರ ಎಲಿಯದ ಚಹಾ ಬೆಟ್ಟದಲ್ಲಿ ಶುರು ಮಾಡಿದ ಬ್ರೂವರಿಯ ಬಿಯರ್ ಅದು. ಈಗ ಕೊಲಂಬೊ ಹತ್ತಿರದ ಬಿಯಗಮದಲ್ಲಿ ಮಾಡುತ್ತಾರೆ.

ಲೆಕ್ಕದಲ್ಲಿ ಅದನ್ನು ಟ್ರಾಪಿಕಲ್ ಸ್ಟೌಟ್ ಅನ್ನುತ್ತಾರೆ, ಇಂಪೀರಿಯಲ್ ಅಲ್ಲ. ಕಹಿ ಕಡಿಮೆ, ಚಾಕೊಲೇಟ್ ಮತ್ತು ಬೆಲ್ಲದ ಸಿಹಿ ಜಾಸ್ತಿ. ಕಡುಕಪ್ಪು ಅವರ ಪ್ರಕಾರ ಕಹಿ ಇಲ್ಲದಿದ್ದರೆ ನಿಲ್ಲುವುದಿಲ್ಲ. ಆದರೆ ಇದು ನಿಲ್ಲುತ್ತದೆ. ಹೇಗೆ ಅಂತ ಯಾರಾದರೂ ಹೇಳಿ.

ಬಾರ್ಲಿಗೆಳೆಯ

ಒಳ್ಳೆ ಪ್ರಶ್ನೆ. ನನಗೆ ತಿಳಿದಂತೆ ಅಲ್ಲಿ ಕೆಲಸ ಮಾಡುವುದು ಹುರಿದ ಕಾಳಿನ ಕಹಿ ಮತ್ತು ಕಾರ್ಬನೇಷನ್. ಹಾಪ್ಸ್ ಹಿಂದೆ ಇರುತ್ತದೆ, ಸುಟ್ಟ ಮಾಲ್ಟ್ ಮುಂದೆ ಇರುತ್ತದೆ. ಗುಳ್ಳೆಯೂ ಚುರುಕಾಗಿರುತ್ತದೆ, ನಾಲಿಗೆಯನ್ನು ತೊಳೆದುಬಿಡುತ್ತದೆ. ಅದನ್ನು ತಣ್ಣಗೆ ಕುಡಿಯುವುದೂ ಒಂದು ಕಾರಣ, ತಣ್ಣಗಿದ್ದರೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಅದೇ ಬಿಯರ್ ಬೆಚ್ಚಗಾದರೆ ಸ್ವಲ್ಪ ಮುಖ ಕಟ್ಟುತ್ತದೆ, ಗಮನಿಸಿ.

ಹಾಸನದ ಮಳೆ

ಏಳು ವರ್ಷ ಇಡಬಹುದು ಅಂತ ಫಾರಿಂಗ್ಟನ್ ಕಾಲದಲ್ಲೇ ಹೇಳಿದ್ದರು ಅಂದಿರಿ. ಈಗಲೂ ಇಡಬಹುದಾ? ನನ್ನ ನೆಲಮಾಳಿಗೆ ಚಳಿಗಾಲದಲ್ಲೂ ಬೇಸಿಗೆಯಲ್ಲೂ ಹೆಚ್ಚುಕಮ್ಮಿ ಒಂದೇ ತರ ತಣ್ಣಗಿರುತ್ತದೆ.

ಥೇಮ್ಸ್ ದಂಡೆ

ಧಾರಾಳವಾಗಿ ಇಡಬಹುದು. ಕರೇಜ್ ಕಂಪನಿ 1955ರಲ್ಲಿ ಬಾರ್ಕ್ಲೇಯನ್ನು ತೆಗೆದುಕೊಂಡ ಮೇಲೆ ಇಂಪೀರಿಯಲ್ ರಷ್ಯನ್ ಸ್ಟೌಟ್ ಅಂತ ಅದನ್ನು ಮುಂದುವರಿಸಿತು. ವೈನ್‌ಗೆ ಹಾಕುವ ಹಾಗೆ ಬಾಟಲಿ ಮೇಲೆ ವರ್ಷ ಹಾಕುತ್ತಿದ್ದರು, ಜನ ಇಟ್ಟು ಕುಡಿಯಲಿ ಅಂತಲೇ. 1993ರ ನಂತರ ನಿಂತುಹೋಯಿತು. 2011ರಲ್ಲಿ ವೆಲ್ಸ್ ಆ್ಯಂಡ್ ಯಂಗ್ಸ್‌ನವರು ಮತ್ತೆ ಮಾಡಿದರು.

ಇಟ್ಟಾಗ ಮೊದಲು ಇಳಿಯುವುದು ಹಾಪ್ಸ್‌ನ ವಾಸನೆ ಮತ್ತು ಕಹಿ. ಆಲ್ಕೋಹಾಲ್‌ನ ಘಾಟು ಅಡಗುತ್ತದೆ. ಆಮೇಲೆ ಗಾಳಿ ತಾಗಿದ ಗುರುತುಗಳು ಬರುತ್ತವೆ. ಅದೃಷ್ಟ ಚೆನ್ನಾಗಿದ್ದರೆ ಶೆರಿ ವೈನ್, ಅಂಜೂರ. ಇಲ್ಲದಿದ್ದರೆ ಸೋಯಾ ಸಾಸ್, ಒದ್ದೆ ರಟ್ಟಿನ ವಾಸನೆ. ಬಾಟಲಿ ನೆಟ್ಟಗೆ ನಿಲ್ಲಿಸಿ, ಬೆಳಕು ಬೀಳದ ಹಾಗೆ ಇಡಿ. ಒಂದೇ ಬಾಟಲಿ ಇಟ್ಟು ಕಾಯಬೇಡಿ. ನಾಲ್ಕರ ಪ್ಯಾಕ್ ತಂದು ವರ್ಷಕ್ಕೊಂದು ತೆಗೆಯಿರಿ. ಆಗ ಬದಲಾವಣೆ ಗೊತ್ತಾಗುತ್ತದೆ.

ಕಡುಕಪ್ಪು

ಓಲ್ಡ್ ರಾಸ್ಪುಟಿನ್ ಮಟ್ಟಿಗೆ ನಾನು ಹೊಸದೇ ಕುಡಿಯಿರಿ ಅನ್ನುತ್ತೇನೆ. ಅದರ ಜೀವ ಹಾಪ್ಸ್‌ನಲ್ಲಿದೆ. ಇಡಬೇಕು ಅನ್ನಿಸಿದರೆ 10% ದಾಟಿದ್ದನ್ನು ಇಡಿ, ಬೆಲ್ಸ್ ಬ್ರೂವರಿಯ ಎಕ್ಸ್‌ಪೆಡಿಷನ್ ಸ್ಟೌಟ್ ತರಹದ್ದು.

ಕೊಡಗಿನ ಮೆಣಸು (ಮಡಿಕೇರಿ)

ಊಟದ ಮಾತು ಬಂತಲ್ಲ, ಪೇಡೆಗೆ ನಿಲ್ಲಿಸಿದ್ದೀರಿ. ಅಣ್ಣನ ಮನೆಗೆ ಡೆನ್ವರ್‌ಗೆ ಹೋದಾಗ ಗ್ರೇಟ್ ಡಿವೈಡ್ ಬ್ರೂವರಿಯ ಯೆಟಿ ಸ್ಟೌಟ್ ಜೊತೆ ಪಂದಿ ಕರಿ ಮಾಡಿದ್ದೆವು. ಮಸಾಲೆಯನ್ನು ಕಪ್ಪಾಗುವಷ್ಟು ಹುರಿದು, ಮನೆಯಿಂದ ಒಯ್ದ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಹಾಕಿ. ಹಂದಿಯ ಕೊಬ್ಬನ್ನು ಆ ಕಹಿ ಕತ್ತರಿಸುತ್ತದೆ, ಹುರಿದ ಮಸಾಲೆಗೆ ಹುರಿದ ಮಾಲ್ಟ್ ಜೊತೆಯಾಗುತ್ತದೆ. ಒಂದು ಎಚ್ಚರಿಕೆ. ಹಸಿಮೆಣಸು ಕಡಿಮೆ ಹಾಕಿ. ಆಲ್ಕೋಹಾಲ್ ಜಾಸ್ತಿ ಇರುವ ಬಿಯರ್ ಖಾರವನ್ನು ಇನ್ನೂ ಏರಿಸುತ್ತದೆ. ಕರಿಮೆಣಸಿನ ಖಾರ ಆದರೆ ಪರವಾಗಿಲ್ಲ.

ಕುಡ್ಲದವ

ಹೌದು ಮಾರಾಯ್ರೆ. ಚಿಕನ್ ಘೀ ರೋಸ್ಟ್ ಜೊತೆ ಇದು ಬೇಡವೇ ಬೇಡ. ಬಾಯೆಲ್ಲ ಉರಿ.

ವಿಜಯನಗರದ ಹುಡುಗ

ಇಷ್ಟೆಲ್ಲ ಓದಿ ಈಗ ತಡೆಯಲಾಗುತ್ತಿಲ್ಲ. ಬೆಂಗಳೂರಿನಲ್ಲಿ ಇಷ್ಟೊಂದು ಬ್ರೂಪಬ್ ಇವೆ, ಯಾರೂ ಯಾಕೆ 9% ಮಾಡುವುದಿಲ್ಲ? ಇಂದಿರಾನಗರದ ಟಾಯ್ಟ್‌ನಲ್ಲಿ ಡಾರ್ಕ್ ನೈಟ್ ಕುಡಿದಿದ್ದೇನೆ, ಚೆನ್ನಾಗಿದೆ, ಆದರೆ ಹಗುರವಾದ ಸ್ಟೌಟ್ ಅದು.

ಬಾರ್ಲಿಗೆಳೆಯ

ನಿಯಮ ಅಡ್ಡ ಬರುತ್ತದೆ ಗುರು. ಭಾರತದ ಆಹಾರ ಸುರಕ್ಷತೆ ನಿಯಮದಲ್ಲಿ ಸ್ಟ್ರಾಂಗ್ ಬಿಯರ್ ಅಂದರೆ 5%ಗಿಂತ ಜಾಸ್ತಿ, 8%ವರೆಗೆ. ಅಲ್ಲಿಗೆ ಮುಗಿಯಿತು. ಇಂಪೀರಿಯಲ್ ಸ್ಟೌಟ್ ಸಾಮಾನ್ಯವಾಗಿ ಶುರುವಾಗುವುದೇ 8%ರಿಂದ. ಇದು ನನಗೆ ಬೇಸರದ ಸಂಗತಿ. ನಮ್ಮ ಬ್ರೂವರ್‌ಗಳಿಗೆ ಕೈ ಇದೆ, ಪಕ್ಕದಲ್ಲೇ ಚಿಕ್ಕಮಗಳೂರಿನ ಕಾಫಿ ಇದೆ, ಬೆಲ್ಲ ಇದೆ. ಅನುಮತಿ ಕೊಟ್ಟರೆ ಒಳ್ಳೆಯದನ್ನೇ ಮಾಡುತ್ತಾರೆ. ಅಲ್ಲಿಯವರೆಗೆ 7.5% ಆಸುಪಾಸಿನಲ್ಲಿ, ಕಹಿ ಬಿಡದೆ, ಗಟ್ಟಿ ಸ್ಟೌಟ್ ಮಾಡಲು ಏನೂ ಅಡ್ಡಿಯಿಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸ್ಮಿತ್ ಇಂಪೀರಿಯಲ್ ಸ್ಟೌಟ್ 7% ಮಾತ್ರ, ಆದರೂ ಮೈತುಂಬಿದ ಬಿಯರ್. ಹೋದಾಗ ಬ್ರೂವರ್ ಹತ್ತಿರ ಕೇಳಿ. ಕೇಳುವವರು ಜಾಸ್ತಿ ಆದರೆ ಅವರೂ ಮನಸ್ಸು ಮಾಡುತ್ತಾರೆ.

ವಿಜಯನಗರದ ಹುಡುಗ

ಖಂಡಿತ ಕೇಳುತ್ತೇನೆ. ಸದ್ಯಕ್ಕೆ ಅಕ್ಕನ ಸೂಟ್‌ಕೇಸೇ ಗತಿ. ಎಷ್ಟು ತರಬಹುದು, ಯಾವುದು ತರಬೇಕು, ಹೇಳಿ ಸರ್.

ಕಡುಕಪ್ಪು

ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. 355 ಎಂಎಲ್ ಲೆಕ್ಕದಲ್ಲಿ ಐದು ಬಾಟಲಿ ಆಗುತ್ತದೆ. ಎರಡು ಓಲ್ಡ್ ರಾಸ್ಪುಟಿನ್, ಒಂದು ಯೆಟಿ, ಒಂದು ಎಕ್ಸ್‌ಪೆಡಿಷನ್, ಒಂದು ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್ ಸ್ಟೌಟ್. ಕೊನೆಯದರಲ್ಲಿ ಹೆಸರಿಗೆ ಮಾತ್ರ ಚಾಕೊಲೇಟ್, ರುಚಿಯೆಲ್ಲ ಮಾಲ್ಟ್‌ನದೇ. ಚಳಿಗಾಲದ ಹೊತ್ತಿಗೆ ಬರುತ್ತದೆ, ಆಗ ಸಿಕ್ಕರೆ ತರಿಸಿ. ಎಲ್ಲವೂ ಬೇರೇನೂ ಬೆರೆಸದ ಸ್ಟೌಟ್‌ಗಳು. ಮೊದಲು ಇವನ್ನು ಕುಡಿದು ನಾಲಿಗೆ ಹದ ಮಾಡಿಕೊಳ್ಳಿ. ಪೀಪಾಯಿಯದು ಆಮೇಲೆ.

ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಲು ಹೇಳಿ. ಮನೆಗೆ ಬಂದ ಮೇಲೆ ಒಂದೆರಡು ವಾರ ನೆಟ್ಟಗೆ ನಿಲ್ಲಿಸಿ, ತಳದ ಗಷ್ಟು ಕೂರಲಿ.

ಧಾರವಾಡದಾಕಿ

ಐದರಲ್ಲಿ ಒಂದನ್ನಾದರೂ ಬರ್ಬನ್ ಪೀಪಾಯಿಯದು ತರಿಸ್ರಿ ತಮ್ಮಾ. ಕಡುಕಪ್ಪು ಅವರ ಮಾತು ಕೇಳಿ ಅದನ್ನು ಬಿಡಬೇಡಿ.

ವಿಜಯನಗರದ ಹುಡುಗ

ಆಯ್ತು ಅಕ್ಕಾ, ಓಲ್ಡ್ ರಾಸ್ಪುಟಿನ್ ಒಂದೇ ಸಾಕು ಅಂತ ಹೇಳಿ, ಇನ್ನೊಂದರ ಜಾಗಕ್ಕೆ ನೀವು ಹೇಳಿದ್ದು. ನಮ್ಮಕ್ಕ ಡಿಸೆಂಬರ್‌ನಲ್ಲಿ ಬರುತ್ತಾಳೆ. ಕುಡಿದ ಮೇಲೆ ಇಲ್ಲೇ ಬರೆಯುತ್ತೇನೆ.